ದಾವಣಗೆರೆ, ಚಿತ್ರದುರ್ಗದಲ್ಲಿ ಥೆರಪಿ: ಕೊಟ್ಟ ದುಡ್ಡಿಗೆ, ಹೋದ ದಿನಕ್ಕೆ ಏನು ಸಿಗಬೇಕು

"ಸ್ವಲ್ಪ ಬುದ್ಧಿ ಹೇಳ್ರಿ ಸಾರ್, ನಮ್ಮ ಮಾತು ಕೇಳಲ್ಲ." ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಬಂದವರು ಕೌನ್ಸೆಲಿಂಗ್ ಕೋಣೆಯ ಬಾಗಿಲಲ್ಲೇ ಹೇಳುವ ಮಾತಿದು. ಅವರ ತಪ್ಪೇನಿಲ್ಲ. ನಮ್ಮ ಕಡೆ ಕೌನ್ಸೆಲಿಂಗ್ ಎಂದರೆ ಓದಿದವರೊಬ್ಬರು ಬುದ್ಧಿ ಹೇಳುವುದು ಎಂದೇ ಆಗಿಹೋಗಿದೆ. ಬೇಸರವೆಂದರೆ ಒಳಗೆ ಕೂತವರಲ್ಲೂ ಕೆಲವರು ಅದನ್ನೇ ಮಾಡಿ ಕಳಿಸುತ್ತಾರೆ: ಧೈರ್ಯವಾಗಿರಿ, ನೆಗೆಟಿವ್ ಯೋಚನೆ ಬಿಡಿ, ಬೆಳಿಗ್ಗೆ ಬೇಗ ಏಳಿ. ಮುಕ್ಕಾಲು ಗಂಟೆ ಯಾರೋ ಕಿವಿಗೊಟ್ಟರಲ್ಲ ಎಂದು ಮನಸ್ಸು ಹಗುರವಾಗುತ್ತದೆ, ಹದಡಿ ರಸ್ತೆ ದಾಟುವ ಹೊತ್ತಿಗೆ ಮತ್ತೆ ಅದೇ ಭಾರ. ನಾಲ್ಕು ಸಲ ಹೀಗಾದ ಮೇಲೆ "ಥೆರಪಿಯಿಂದ ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಅವರಿಗೆ ಸಿಕ್ಕಿದ್ದು ಥೆರಪಿಯೇ ಅಲ್ಲ.

ಈ ವಿಮರ್ಶೆ ಒಂದು ಕ್ಲಿನಿಕ್ಕಿನದ್ದೂ ಅಲ್ಲ, ಒಬ್ಬ ಡಾಕ್ಟರದ್ದೂ ಅಲ್ಲ. ಥೆರಪಿ, ಅಂದರೆ ಮನಸ್ಸಿನ ಕಾಯಿಲೆಗೆ ಮಾತಿನ ಮೂಲಕ ಮಾಡುವ ಚಿಕಿತ್ಸೆ, ಎಂಬ ಸೇವೆಯದ್ದು. ಯಾವ ಪದ್ಧತಿ ಯಾವ ಕಾಯಿಲೆಗೆ, ಎಷ್ಟು ಸಿಟ್ಟಿಂಗ್, ಒಳಗೆ ಏನು ನಡೆಯಬೇಕು, ಎಲ್ಲಿ ಕೆಡುತ್ತದೆ, ನಮ್ಮ ಎರಡು ಜಿಲ್ಲೆಗಳಲ್ಲಿ ಇದ್ದುಕೊಂಡು ಅದನ್ನು ಪಡೆಯುವುದು ಹೇಗೆ ಎಂಬುದಷ್ಟೇ ಇಲ್ಲಿದೆ. ಬುದ್ಧಿವಾದವನ್ನೂ ಥೆರಪಿಯನ್ನೂ ಬೇರೆ ಮಾಡಿ ನೋಡಲು ಮೂರು ಗುರುತು ಸಾಕು: ಅಳತೆ ಇದೆಯಾ, ಮನೆಗೆ ಕೆಲಸ ಕೊಡುತ್ತಾರಾ, ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಿದ್ದಾರಾ. ಮೂರನೇ ಸಿಟ್ಟಿಂಗ್ ಮುಗಿದರೂ ಈ ಮೂರರಲ್ಲಿ ಒಂದೂ ಕಾಣದಿದ್ದರೆ ಜಾಗ ಬದಲಿಸುವುದೇ ಒಳ್ಳೆಯದು.

ಮೊದಲ ದಿನ

ಒಂದು ಸಿಟ್ಟಿಂಗ್ ಸಾಮಾನ್ಯವಾಗಿ 45ರಿಂದ 60 ನಿಮಿಷ. ಮೊದಲನೆಯದು ಬಹುತೇಕ ಕೇಳುವುದರಲ್ಲೇ ಹೋಗುತ್ತದೆ: ಯಾವಾಗಿಂದ, ಏನಾದ ಮೇಲೆ, ನಿದ್ದೆ, ಊಟ, ಕುಡಿತ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ, ಯಾವ ಮಾತ್ರೆ ನಡೆಯುತ್ತಿದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿದ್ದೀರಾ ಎಂದು ಕೇಳಿದರೆ ಅದು ಒಳ್ಳೆಯ ಲಕ್ಷಣ. ಥೈರಾಯ್ಡ್ ಕಡಿಮೆಯಾಗಿ ಬಂದ ಸುಸ್ತು, ಮಂಕು ಎಷ್ಟು ಮಾತಾಡಿದರೂ ಹೋಗುವುದಿಲ್ಲ.

ಖಿನ್ನತೆ ಅಳೆಯಲು ಹೆಚ್ಚಾಗಿ ಬಳಸುವುದು ಪಿಎಚ್‌ಕ್ಯು-9. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಹತ್ತು ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಗಂಭೀರದ ಕಡೆ, 20 ಮುಟ್ಟಿದರೆ ತೀವ್ರ. ಆತಂಕಕ್ಕೆ ಜಿಎಡಿ-7, ಅದರ ಒಟ್ಟು 21. ಎರಡನ್ನೂ ಐದು ನಿಮಿಷದಲ್ಲಿ ಕನ್ನಡದಲ್ಲೇ ಕೇಳಿ ಮುಗಿಸಬಹುದು. ಮೊದಲ ದಿನದ ಅಂಕಿ ಬರೆದಿಟ್ಟುಕೊಂಡು ಎರಡು ಮೂರು ವಾರಕ್ಕೊಮ್ಮೆ ಮತ್ತೆ ಕೇಳದೇ ಹೋದರೆ, ಹುಷಾರಾಗುತ್ತಿದೆಯೋ ಇಲ್ಲವೋ ಎಂಬುದು ಆ ದಿನದ ಮೂಡಿನ ಮೇಲೆ ನಿಂತುಬಿಡುತ್ತದೆ. ಪಿಎಚ್‌ಕ್ಯು-9ರ ಒಂಬತ್ತನೇ ಪ್ರಶ್ನೆ ಸಾಯಬೇಕೆನ್ನುವ ಯೋಚನೆಯದು. ಅದನ್ನು ನುಂಗಿಕೊಂಡು ಮುಂದೆ ಹೋಗುವವರಿದ್ದಾರೆ, ಕೇಳಿದರೆ ತಲೆಯಲ್ಲಿ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆಗೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಎಷ್ಟೋ ಜನ ನಿಟ್ಟುಸಿರು ಬಿಟ್ಟು ಹೇಳಿಕೊಳ್ಳುತ್ತಾರೆ. ನೇರವಾಗಿ, ಮೆತ್ತಗೆ ಕೇಳಲೇಬೇಕಾದ ಪ್ರಶ್ನೆ ಅದು.

ಗುರಿಯನ್ನೂ ಮೊದಲ ಎರಡು ಸಿಟ್ಟಿಂಗಿನಲ್ಲೇ ಬರೆಯಬೇಕು. "ಖುಷಿಯಾಗಿರಬೇಕು" ಎಂಬುದನ್ನು ಅಳೆಯುವುದು ಹೇಗೆ? "ವಾರದಲ್ಲಿ ಐದು ದಿನ ಒಂಬತ್ತು ಗಂಟೆಗೆ ಅಂಗಡಿ ಬಾಗಿಲು ತೆಗೆಯಬೇಕು", "ಒಬ್ಬಳೇ ಹರಿಹರದ ಬಸ್ಸು ಹತ್ತಬೇಕು", ಇವು ಗುರಿಗಳು. ಮನೆಯವರು ಜೊತೆಗೆ ಬಂದಿದ್ದರೆ ಅವರ ಮಾತನ್ನೂ ಕೇಳಬೇಕು. ಆದರೆ ಅರ್ಧ ಹೊತ್ತಾದರೂ ಅವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಬೇಕು. ಬಾಗಿಲಿಲ್ಲದ, ಪರದೆ ಕಟ್ಟಿದ ಜಾಗದಲ್ಲಿ ನಡೆಯುವ ಕೌನ್ಸೆಲಿಂಗಿಗೆ ನಮ್ಮಂಥ ಊರಲ್ಲಿ ಬೆಲೆಯೇ ಇಲ್ಲ. ಹೊರಗಿನ ಬೆಂಚಿನಲ್ಲಿ ಕೂತವರು ಪರಿಚಯದವರೇ ಆಗಿರುತ್ತಾರೆ. ಹೇಳಿದ್ದನ್ನು ಗುಟ್ಟಾಗಿಡಿಸಿಕೊಳ್ಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಪ್ರಾಣಕ್ಕೆ ಅಪಾಯ ಇದ್ದಾಗಿನಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಅದು ಸಡಿಲವಾಗುವುದಿಲ್ಲ.

ಖಿನ್ನತೆಗೆ: ಮೊದಲು ಕೈಕಾಲು, ಆಮೇಲೆ ಯೋಚನೆ

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂಬ ಹೆಸರು ಎಲ್ಲ ಬೋರ್ಡಿನ ಮೇಲೂ ಇರುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಪದ್ಧತಿ ಇದು. ಯೋಚನೆ, ಭಾವನೆ, ನಡವಳಿಕೆ ಮೂರೂ ಒಂದನ್ನೊಂದು ಎಳೆಯುತ್ತವೆ, ಎಲ್ಲಾದರೂ ಒಂದು ಕಡೆ ಬಿಚ್ಚಿದರೆ ಉಳಿದವೂ ಸಡಿಲವಾಗುತ್ತವೆ ಎಂಬುದು ಅದರ ತಿರುಳು. ಖಿನ್ನತೆಗೆ 12ರಿಂದ 16 ಸಿಟ್ಟಿಂಗ್, ಕೆಲವರಿಗೆ 20. ಮೊದಲ ತಿಂಗಳು ವಾರಕ್ಕೊಂದು, ಸಾಧ್ಯವಾದರೆ ಎರಡು.

ಬಹಳ ಕಡೆ ಶುರುವಿನಲ್ಲೇ ಎಡವುತ್ತಾರೆ. ಹಾಸಿಗೆಯಿಂದ ಏಳಲಾಗದವನ ಕೈಗೆ ಮೊದಲ ವಾರವೇ ಯೋಚನೆಯ ಹಾಳೆ (ಬಂದ ಯೋಚನೆಯನ್ನು ಬರೆದು ತೂಗಿ ನೋಡುವ ಹಾಳೆ) ಕೊಡುತ್ತಾರೆ. ಅವನು ಬರೆಯುವುದಿಲ್ಲ, ಬರೆಯಲಿಲ್ಲ ಎಂಬುದೂ ಅವನ ತಪ್ಪುಗಳ ಪಟ್ಟಿಗೆ ಸೇರುತ್ತದೆ. ತೀವ್ರ ಖಿನ್ನತೆಯಲ್ಲಿ ಮೊದಲು ನಡವಳಿಕೆ. ಮೊದಲ ವಾರ ಏನನ್ನೂ ಬದಲಿಸಬಾರದು. ಗಂಟೆಗಂಟೆಗೆ ಏನು ಮಾಡಿದೆ, ಮನಸ್ಸು 0ಯಿಂದ 10ರಲ್ಲಿ ಎಷ್ಟು, ಅಷ್ಟನ್ನೇ ಬರೆಯುವುದು. ಓದು ಬರಹ ಕಷ್ಟವಿದ್ದವರಿಗೆ ಸಂಜೆ ಮನೆಯವರೊಬ್ಬರು ಕೇಳಿ ಬರೆದರೂ ನಡೆಯುತ್ತದೆ. ವಾರದ ಕೊನೆಗೆ ಹಾಳೆ ನೋಡಿದಾಗ ಅಂಕಿ ಎಲ್ಲಿ 2ರಿಂದ 4ಕ್ಕೆ ಏರಿದೆ ಎಂಬುದು ಕಾಣುತ್ತದೆ. ದನಕ್ಕೆ ನೀರು ಕುಡಿಸಿದಾಗ ಇರಬಹುದು, ಮೊಮ್ಮಗಳಿಗೆ ಜಡೆ ಹಾಕಿದಾಗ ಇರಬಹುದು. ಎರಡನೇ ವಾರ ಅಂಥದ್ದೇ ಎರಡೋ ಮೂರೋ ಕೆಲಸ, ದಿನ ಮತ್ತು ಗಂಟೆ ಗೊತ್ತುಮಾಡಿ. "ಇನ್ಮೇಲೆ ವಾಕಿಂಗ್ ಮಾಡ್ತೀನಿ" ಎಂಬುದು ಬುಧವಾರಕ್ಕೇ ಮುರಿದುಬೀಳುತ್ತದೆ. "ಸೋಮವಾರ, ಗುರುವಾರ ಬೆಳಿಗ್ಗೆ 6:30ಕ್ಕೆ ಕುಂದುವಾಡ ಕೆರೆ ಏರಿ ಮೇಲೆ ಹದಿನೈದು ನಿಮಿಷ, ಬಾಮೈದ ಕರೆಯಲು ಬರುತ್ತಾನೆ" ಎಂಬುದು ಉಳಿಯುತ್ತದೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬಾರದು. ಖಿನ್ನತೆಯಲ್ಲಿ ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ಈ ಪದ್ಧತಿಗೆ ದೊಡ್ಡ ಡಿಗ್ರಿಯೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವಿಜ್ಞಾನದ ಹಿನ್ನೆಲೆಯಿಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು 6ರಿಂದ 8 ಸಿಟ್ಟಿಂಗಿನ ಇಂಥದ್ದೇ ಚಿಕಿತ್ಸೆ ಮಾಡಿಸಿ ನೋಡಿದ್ದಾರೆ. ಗಂಭೀರ ಖಿನ್ನತೆಯವರಲ್ಲೂ ಅದು ಫಲ ಕೊಟ್ಟಿತು. ತಜ್ಞರು ಕಡಿಮೆಯಿರುವ ನಮ್ಮಂಥ ಜಿಲ್ಲೆಗಳಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಸುದ್ದಿ ಇನ್ನೊಂದಿಲ್ಲ. ಒಂದು ಪದ್ಧತಿ ಹಿಡಿದು, ಮೇಲ್ವಿಚಾರಣೆಯಲ್ಲಿ, ಬಿಡದೆ ಮಾಡಬೇಕು ಎಂಬುದೇ ಅದರ ಷರತ್ತು.

ಯೋಚನೆಯ ಹಾಳೆ ಬರುವುದು ನಾಲ್ಕನೇ ವಾರದ ಆಸುಪಾಸಿಗೆ. ಏಳು ಕಾಲಂ. ಒಂದು ಸಾಲು ಹೀಗಿರುತ್ತದೆ. ಸಂದರ್ಭ: ಎಪಿಎಂಸಿಗೆ ಮೆಕ್ಕೆಜೋಳ ಹಾಕಿ ಬಂದೆ, ದಲಾಲರು ಮಾತಾಡಿಸಲಿಲ್ಲ. ಭಾವನೆ: ಅವಮಾನ 80, ಹೆದರಿಕೆ 60. ಯೋಚನೆ: ಸಾಲ ತೀರಿಸುವವನಲ್ಲ ಅಂತ ಅವರಿಗೆ ಗೊತ್ತಾಗಿದೆ, ಊರಲ್ಲಿ ಮರ್ಯಾದೆ ಹೋಯ್ತು. ಅದಕ್ಕೆ ಸಾಕ್ಷಿ: ಹೋದ ಕಂತು ಕಟ್ಟಿದ್ದು ತಡ. ಅದಕ್ಕೆ ವಿರುದ್ಧ ಸಾಕ್ಷಿ: ಅವರು ಫೋನಿನಲ್ಲಿದ್ದರು, ನನ್ನ ಹಿಂದೆ ನಿಂತ ಇಬ್ಬರನ್ನೂ ಮಾತಾಡಿಸಲಿಲ್ಲ, ಹೋದ ವಾರ ಅವರೇ ಕರೆದು ಚಹಾ ಕೊಡಿಸಿದ್ದರು. ತೂಗಿ ನೋಡಿದರೆ: ಕಂತು ತಡವಾಗಿದ್ದು ನಿಜ, ಮಾತಾಡಿಸದೇ ಇದ್ದದ್ದಕ್ಕೆ ಅದೇ ಕಾರಣ ಅನ್ನಲು ಆಧಾರವಿಲ್ಲ, ನಾಳೆ ಫೋನ್ ಮಾಡಿ ಕಟ್ಟುವ ತಾರೀಕು ಹೇಳುತ್ತೇನೆ. ಈಗ: ಅವಮಾನ 45, ಹೆದರಿಕೆ 35.

ಇದರಲ್ಲಿ ಎರಡು ಸೂಕ್ಷ್ಮ ಇದೆ. ಅಂಕಿ 80ರಿಂದ ಸೊನ್ನೆಗೆ ಇಳಿದಿದ್ದರೆ ಆ ಹಾಳೆ ಥೆರಪಿಸ್ಟರನ್ನು ಮೆಚ್ಚಿಸಲು ಬರೆದದ್ದು. ಅರ್ಧ ಇಳಿದರೆ ಅದು ನಿಜವಾದ ಕೆಲಸ. ಎರಡನೆಯದು ನಮ್ಮ ಭಾಷೆಯದ್ದು. ಕನ್ನಡದಲ್ಲಿ "ಅನ್ನಿಸ್ತು" ಎಂಬ ಒಂದೇ ಮಾತು ಯೋಚನೆಗೂ ಭಾವನೆಗೂ ನಡೆಯುತ್ತದೆ. ಹಾಗಾಗಿ "ನನ್ನ ಕೈಲಿ ಏನೂ ಆಗಲ್ಲ ಅನ್ನಿಸ್ತು" ಎಂದು ಭಾವನೆಯ ಕಾಲಂನಲ್ಲಿ ಬರೆದುಬಿಡುತ್ತಾರೆ, ಹಾಳೆ ಮುಂದೆ ಹೋಗುವುದಿಲ್ಲ. ಇಂಗ್ಲಿಷಿನಿಂದ ಅನುವಾದಿಸಿದ ಹಾಳೆ ಕೊಟ್ಟು ಸುಮ್ಮನಾಗುವ ಥೆರಪಿಸ್ಟರಿಗೆ ಇದು ಗೊತ್ತೇ ಆಗುವುದಿಲ್ಲ. ಸರಿಪಡಿಸುವುದು ಸುಲಭ: ಭಾವನೆ ಯಾವಾಗಲೂ ಒಂದೇ ಪದ (ಬೇಜಾರು, ಹೆದರಿಕೆ, ಸಿಟ್ಟು, ನಾಚಿಕೆ, ಹೊಟ್ಟೆಸಂಕಟ), ಯೋಚನೆ ಯಾವಾಗಲೂ ಪೂರ್ತಿ ವಾಕ್ಯ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬೋರ್‌ವೆಲ್ ಬತ್ತಿದ್ದು, ಸೊಸೈಟಿ ಸಾಲ, ಗಂಡನ ಹೊಡೆತ, ಇವು ತಪ್ಪು ಯೋಚನೆಗಳಲ್ಲ, ನಿಜವಾದ ಕಷ್ಟಗಳು. ಅವನ್ನು ನೆಗೆಟಿವ್ ಥಿಂಕಿಂಗ್ ಎಂದು ಕರೆಯುವುದು ಅನ್ಯಾಯ. ಅಲ್ಲಿ ಬೇಕಾದ್ದು ಸಮಸ್ಯೆ ಬಿಡಿಸುವ ಕ್ರಮ. ಸಮಸ್ಯೆಯನ್ನು ಒಂದು ಸಾಲಿನಲ್ಲಿ ಬರೆಯುವುದು, ತೋಚಿದ ದಾರಿಗಳನ್ನೆಲ್ಲ ಬರೆಯುವುದು, ಒಂದನ್ನು ಆರಿಸಿ ಈ ವಾರ ಯಾರ ಹತ್ತಿರ ಹೋಗಬೇಕು ಎಂದು ಗೊತ್ತುಮಾಡುವುದು, ಮುಂದಿನ ಸಲ ಏನಾಯಿತೆಂದು ನೋಡುವುದು. ಹೊಡೆತ ಇದ್ದ ಕಡೆ ಮೊದಲು ಸುರಕ್ಷತೆ, ಉಳಿದ ಥೆರಪಿ ಆಮೇಲೆ.

ಗೀಳಿಗೆ: ಅತ್ಯುತ್ತಮ ಪದ್ಧತಿ, ಸಿಗುವುದು ಅಪರೂಪ

ಕೈ ತೊಳೆದದ್ದೇ ತೊಳೆಯುವುದು, ಬೀಗ ಎಳೆದದ್ದೇ ಎಳೆಯುವುದು, ಮನಸ್ಸಿಗೆ ಬಂದ ಕೆಟ್ಟ ಯೋಚನೆಗೆ ಪರಿಹಾರವಾಗಿ ಎಣಿಸುತ್ತಾ ಕೂರುವುದು. ಈ ಗೀಳು ಕಾಯಿಲೆಗೆ ಇಆರ್‌ಪಿ ಎಂಬ ಪದ್ಧತಿ ಇದೆ. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ತೋರಿಸಿಕೊಟ್ಟದ್ದು: ಹೆದರಿಕೆ ಹುಟ್ಟಿಸುವುದಕ್ಕೆ ಬೇಕೆಂದೇ ಮೈಯೊಡ್ಡುವುದು, ಆಮೇಲೆ ಮಾಡುವ ತೊಳೆಯುವ ಕೆಲಸವನ್ನು ತಡೆಹಿಡಿಯುವುದು. ನಮ್ಮ ದೃಷ್ಟಿಯಲ್ಲಿ ಮನೋಚಿಕಿತ್ಸೆಯಲ್ಲೇ ಇಷ್ಟು ಗಟ್ಟಿಯಾದ ಪದ್ಧತಿ ಕಡಿಮೆ. ಆದರೂ ಬಹಳ ಗೀಳು ರೋಗಿಗಳಿಗೆ ಸಿಗುವುದು "ಆ ಯೋಚನೆ ಬಂದಾಗ ಬೇರೆ ಕಡೆ ಗಮನ ಕೊಡಿ" ಎಂಬ ಸಲಹೆ. ಅದು ಗೀಳನ್ನು ಹೆಚ್ಚಿಸುತ್ತದೆ.

ಮೊದಲು ಮೆಟ್ಟಿಲು ಕಟ್ಟಬೇಕು. ಮೈಲಿಗೆಯ ಗೀಳಿರುವ ಗೃಹಿಣಿಯೊಬ್ಬರ ಮೆಟ್ಟಿಲು ಹೀಗಿರಬಹುದು: ಮನೆ ಬಾಗಿಲ ಚಿಲಕ ಮುಟ್ಟುವುದು 25, ಅಂಗಡಿಯವರು ಕೊಟ್ಟ ಚಿಲ್ಲರೆ ಮುಟ್ಟುವುದು 35, ಸಿಟಿ ಬಸ್ಸಿನ ಕಂಬಿ ಹಿಡಿಯುವುದು 50, ಚಪ್ಪಲಿ ಎತ್ತಿಟ್ಟ ಕೈಯಲ್ಲೇ ದಿಂಬು ಮುಟ್ಟುವುದು 70, ಬಚ್ಚಲ ನಲ್ಲಿ ಮುಟ್ಟಿ ತೊಳೆಯದೆ ಸ್ಟವ್ ಹತ್ತಿರ ನಿಲ್ಲುವುದು 85. ಈ ಅಂಕಿ ಕಳವಳದ್ದು, 0ಯಿಂದ 100ರಲ್ಲಿ. ಆರಂಭ 35ರ ಸುತ್ತಮುತ್ತ. ಚಿಲ್ಲರೆ ಅಂಗೈಯಲ್ಲಿ ಹಿಡಿದು, ಸೀರೆಗೆ, ತೋಳಿಗೆ ಸವರಿಕೊಂಡು ಕೂರಬೇಕು. ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆಯಬೇಕು. 35 ಇದ್ದದ್ದು 60ಕ್ಕೆ ಏರುತ್ತದೆ, ಅಲ್ಲಿ ನಿಲ್ಲುತ್ತದೆ, ಮುಕ್ಕಾಲು ಗಂಟೆಯಲ್ಲೋ ಒಂದೂವರೆ ಗಂಟೆಯಲ್ಲೋ ತಾನಾಗಿ ಇಳಿಯುತ್ತದೆ. ಕೆಲವು ದಿನ ಇಳಿಯುವುದೂ ಇಲ್ಲ. ಆಗಲೂ, ತೊಳೆಯದೆ ಇದನ್ನು ತಡೆದುಕೊಳ್ಳಬಹುದು ಎಂಬುದು ಮೈಗೆ ಗೊತ್ತಾಗಿರುತ್ತದೆ. ಅದೇ ಮೆಟ್ಟಿಲನ್ನು ಮನೆಯಲ್ಲಿ ದಿನಾ ಮಾಡಬೇಕು. ಒಟ್ಟು 12ರಿಂದ 20 ಸಿಟ್ಟಿಂಗ್, ಶುರುವಿನಲ್ಲಿ ವಾರಕ್ಕೆರಡಾದರೆ ಒಳ್ಳೆಯದು.

ಕೆಡುವುದು ಸಣ್ಣ ಸಣ್ಣ ಕಳ್ಳದಾರಿಗಳಲ್ಲಿ. ಸಿಟ್ಟಿಂಗ್ ಮುಗಿಸಿ ಮನೆಗೆ ಹೋದ ತಕ್ಷಣ ತಲೆಗೇ ಸ್ನಾನ. ಚಿಲ್ಲರೆ ಹಿಡಿದಾಗ ಮನಸ್ಸಿನಲ್ಲೇ ಮಂತ್ರ. ಪರ್ಸಿನಲ್ಲಿ ಸ್ಯಾನಿಟೈಸರ್. "ಏನೂ ಆಗಲ್ಲ ಅಲ್ವಾ?" ಎಂದು ಗಂಡನನ್ನು ಹತ್ತು ಸಲ ಕೇಳುವುದು, ಅವರು ಹತ್ತು ಸಲ "ಏನೂ ಆಗಲ್ಲ" ಅನ್ನುವುದು. ಆ ಸಮಾಧಾನವೂ ತೊಳೆದ ಹಾಗೇ, ಇನ್ನೊಂದು ರೂಪದಲ್ಲಿ. ಅದಕ್ಕೇ ಮನೆಯವರಿಗೆ ಒಂದು ಸಿಟ್ಟಿಂಗ್ ಬೇಕೇ ಬೇಕು. ಅವರು ಹೇಳಬೇಕಾದ್ದು ಇಷ್ಟು: "ಇದು ಗೀಳು ಕೇಳ್ತಿರೋ ಪ್ರಶ್ನೆ ಕಣೆ. ಉತ್ತರ ಕೊಡಲ್ಲ ಅಂತ ನಾವಿಬ್ಬರೂ ಒಪ್ಪಿದ್ದೀವಲ್ಲ. ಬಾ, ಜೊತೆಗೆ ಕೂತ್ಕೋತೀನಿ." ಬೈಯಬಾರದು, ಸಮಾಧಾನವನ್ನೂ ಮಾಡಬಾರದು. ಮಡಿಯ ಮನೆಗಳಲ್ಲಿ ಇನ್ನೊಂದು ಎಚ್ಚರ. ಮನೆತನದ ಆಚಾರ ಮುರಿಯಿರಿ ಎನ್ನುವ ಥೆರಪಿಸ್ಟರ ಹತ್ತಿರ ಎರಡನೇ ಸಲ ಯಾರೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅದೇ ಮನೆಯ ಅತ್ತೆಯವರು ಪೂಜೆಗೆ ಮುಂಚೆ ಎಷ್ಟು ಸಲ ಕೈ ತೊಳೆಯುತ್ತಾರೆ ಎಂದು ಕೇಳಿ. ಒಂದು ಸಲ ಎಂದರೆ ಅದು ಆಚಾರ, ನಲವತ್ತನೇ ಸಲದ್ದು ಕಾಯಿಲೆ. ಗೆರೆ ಅಲ್ಲಿ ಎಳೆಯಬೇಕು.

ಅಳತೆಗೆ ವೈ-ಬಾಕ್ಸ್ ಎಂಬ ಪಟ್ಟಿ ಇದೆ, ಒಟ್ಟು 40. ಮೊದಲ ದಿನ 28 ಇದ್ದದ್ದು ಮೂರು ನಾಲ್ಕು ತಿಂಗಳಲ್ಲಿ 18ಕ್ಕೆ ಬಂದರೆ ಚಿಕಿತ್ಸೆ ಹಿಡಿದಿದೆ ಎಂದರ್ಥ. ಶೇಕಡಾ 35ರಷ್ಟು ಇಳಿಯುವುದನ್ನು ಗುಣದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಎದೆ ಹಿಡಿದಂತಾಗುವ ಆತಂಕ

ಪ್ಯಾನಿಕ್ (ದಿಢೀರನೆ ಎದೆ ಬಡಿದು ಪ್ರಾಣವೇ ಹೋಗುತ್ತದೆ ಎನ್ನಿಸುವ ಆತಂಕ) ಇರುವವರು ನಮ್ಮ ಕಡೆ ಮೊದಲು ಹೋಗುವುದು ಹೃದಯದ ಡಾಕ್ಟರ ಹತ್ತಿರ, ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆಗೆ. ಇಸಿಜಿ ಒಮ್ಮೆ ಮಾಡಿಸುವುದು ಸರಿ, ಆರನೇ ಸಲ ಮಾಡಿಸುವುದು ಕಾಯಿಲೆಯ ಭಾಗ. ಇಲ್ಲಿನ ಥೆರಪಿ ಎದೆ ಬಡಿತವನ್ನೇ ಬೇಕೆಂದು ತರಿಸುತ್ತದೆ. ಒಂದು ನಿಮಿಷ ಜೋರಾಗಿ ಉಸಿರಾಡುವುದು, ಮೂಗು ಹಿಡಿದು ಸ್ಟ್ರಾದಲ್ಲಿ ಒಂದು ನಿಮಿಷ ಉಸಿರು ತೆಗೆಯುವುದು, ನಿಂತಲ್ಲೇ ಗಿರಗಿರ ತಿರುಗುವುದು. ಚಿತ್ರದುರ್ಗದವರಿಗಂತೂ ಕೋಟೆಯ ಮೆಟ್ಟಿಲೇ ಇದೆ. ಎದೆ ಬಡಿದುಕೊಂಡರೂ ಪ್ರಾಣ ಹೋಗುವುದಿಲ್ಲ ಎಂಬುದನ್ನು ಮಾತಿನಲ್ಲಿ ಹೇಳಿದರೆ ನಾಟುವುದಿಲ್ಲ, ಮೈಯೇ ಕಲಿಯಬೇಕು. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಡಾಕ್ಟರ ಒಪ್ಪಿಗೆ ಇಲ್ಲದೆ ಇದನ್ನು ಮಾಡಬಾರದು.

ಆಮೇಲೆ ತಪ್ಪಿಸಿಕೊಳ್ಳುತ್ತಿದ್ದ ಜಾಗಗಳು: ಸಿಟಿ ಬಸ್ಸು, ಮದುವೆ ಛತ್ರ, ದುಗ್ಗಮ್ಮನ ಜಾತ್ರೆಯ ಜನಸಂದಣಿ. ಇಲ್ಲೂ ಕಳ್ಳದಾರಿಗಳಿವೆ. ಬಾಗಿಲ ಪಕ್ಕದ ಸೀಟು, ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಆಲ್‌ಪ್ರಜೋಲಾಂ ಎಂಬ ಆತಂಕದ ಮಾತ್ರೆಯ ಪಟ್ಟಿ. ಮಾತ್ರೆ ನುಂಗದಿದ್ದರೂ ಅದು ಜೇಬಿನಲ್ಲಿದೆ ಎಂಬ ಧೈರ್ಯವೇ ಕಲಿಕೆಯನ್ನು ತಿಂದುಹಾಕುತ್ತದೆ. ಹಾಗೆಂದು ತಿಂಗಳುಗಟ್ಟಲೆ ದಿನಾ ತಿನ್ನುತ್ತಿದ್ದ ಆ ಮಾತ್ರೆಯನ್ನು ಒಂದೇ ಸಲ ಬಿಡುವುದು ಅಪಾಯ, ಫಿಟ್ಸ್ ಬರಬಹುದು. ಇಳಿಸುವುದು ಬರೆದುಕೊಟ್ಟ ಮನೋವೈದ್ಯರ ಕೆಲಸ.

ನಿದ್ದೆಗೂ ಸಿಬಿಟಿಯದ್ದೇ ಒಂದು ಬಗೆ ಇದೆ, 4ರಿಂದ 8 ಸಿಟ್ಟಿಂಗ್. ಏಳುವ ಹೊತ್ತು ದಿನಾ ಒಂದೇ, ಸುಮಾರು 20 ನಿಮಿಷ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳುವುದು, ಹಾಸಿಗೆಯಲ್ಲಿರುವ ಹೊತ್ತನ್ನೇ ಮೊದಲು ಕಡಿಮೆ ಮಾಡಿ ಆಮೇಲೆ ಹಿಗ್ಗಿಸುವುದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಏಳಬೇಕಾದ ರೈತರಿಗೆ ಈ ವೇಳಾಪಟ್ಟಿ ಇದ್ದಂತೆ ಕೂರುವುದಿಲ್ಲ, ಕರೆಂಟಿನ ಸರದಿ ಕೇಳಿಕೊಂಡು ಹೊಂದಿಸಬೇಕು. ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ, ಒಮ್ಮೆ ಕುಸಿಯುವ ಕಾಯಿಲೆ) ಇರುವವರಿಗೆ ನಿದ್ದೆ ಕಡಿಮೆ ಮಾಡಿಸುವುದು ಬೇಡ.

ಉಳಿದ ಹೆಸರುಗಳು ಬೋರ್ಡಿನಲ್ಲಿ ಕಂಡರೆ ಇಷ್ಟು ತಿಳಿದಿರಲಿ. ಐಪಿಟಿ ಎಂಬುದು ಸಾವಿನ ದುಃಖ, ಮನೆಯೊಳಗಿನ ಜಗಳ, ಮದುವೆ ಅಥವಾ ನಿವೃತ್ತಿಯಂಥ ಬದಲಾವಣೆ, ಒಂಟಿತನ ಇವುಗಳ ಸುತ್ತ 12ರಿಂದ 16 ವಾರ ನಡೆಯುವ ಖಿನ್ನತೆಯ ಚಿಕಿತ್ಸೆ. ಕೂಡುಕುಟುಂಬಕ್ಕೆ ಚೆನ್ನಾಗಿ ಹೊಂದುತ್ತದೆ, ಇನ್ನೂ ಹೆಚ್ಚು ಜನ ಕಲಿತರೆ ಚೆನ್ನ. ಡಿಬಿಟಿ ಮಾರ್ಷಾ ಲಿನೆಹಾನ್ ಕಟ್ಟಿದ್ದು, ಮತ್ತೆ ಮತ್ತೆ ಕೈ ಕೊಯ್ದುಕೊಳ್ಳುವ, ಭಾವನೆ ಹತೋಟಿಗೆ ಸಿಗದವರಿಗೆ. ಪೂರ್ತಿ ರೂಪದಲ್ಲಿ ವಾರಕ್ಕೊಂದು ಒಬ್ಬರದೇ ಸಿಟ್ಟಿಂಗ್, ವಾರಕ್ಕೊಂದು ಗುಂಪಿನ ತರಗತಿ, ನಡುವೆ ಫೋನಿನ ನೆರವು, ಹೀಗೆ ವರ್ಷದ ತನಕ. ಇವೇನೂ ಇಲ್ಲದೆ ಬರೀ ಧ್ಯಾನ ಕಲಿಸಿ ಡಿಬಿಟಿ ಎಂದರೆ ನಂಬಬೇಡಿ. ಇಎಂಡಿಆರ್ ಆಘಾತದ ನೆನಪುಗಳಿಗೆ, ತರಬೇತಿ ಪಡೆದವರಿಂದ ಮಾತ್ರ. ಫ್ರಾಯ್ಡ್ ದಾರಿಯ ದೀರ್ಘ ಚಿಕಿತ್ಸೆ ವರ್ಷಗಟ್ಟಲೆ ಹಿಡಿಯುತ್ತದೆ. ಒಂದೇ ಸಲ ಹಿಪ್ನಾಟಿಸಂ ಮಾಡಿ ಗ್ಯಾರಂಟಿ ಗುಣ ಎನ್ನುವವರಿಂದ ದೂರ ಇರಿ.

ಮನೆಯವರೇ ಚಿಕಿತ್ಸೆಯ ಭಾಗವಾದಾಗ

ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆಗೆ ಬೀಳಿಸುವ ಕಾಯಿಲೆ), ಬೈಪೋಲಾರ್, ಮಾತು ಬಿಟ್ಟು ಊಟ ಬಿಟ್ಟು ಮಲಗಿದ ತೀವ್ರ ಖಿನ್ನತೆ, ಇವಕ್ಕೆ ಮಾತ್ರೆ ಇಲ್ಲದೆ ಬರೀ ಮಾತಿನ ಚಿಕಿತ್ಸೆ ಸಾಲದು. ಮಾತ್ರೆ ಬಿಡಿಸಿ ಥೆರಪಿ ಮಾಡುತ್ತೇನೆ ಎನ್ನುವವರನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ. ಕುಡಿತವೂ ಹಾಗೆಯೇ. ದಿನಾ ಕುಡಿಯುವವರು ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಮೊದಲು ಆಸ್ಪತ್ರೆ, ಆಮೇಲೆ ಕೌನ್ಸೆಲಿಂಗ್.

ಆದರೆ ಮಾತ್ರೆ ಸರಿಯಾಗಿ ನಡೆಯುತ್ತಿದ್ದಾಗಲೂ ಸ್ಕಿಜೋಫ್ರೇನಿಯಾ ಮರುಕಳಿಸುತ್ತದೆ. ಅದಕ್ಕೊಂದು ಕಾರಣ ಮನೆಯ ಗಾಳಿ. ಸದಾ ಕೊಂಕು, ಹಗೆ, ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಬೇಗ ತಿರುಗಿ ಬರುತ್ತದೆ ಎಂಬುದು ಲಂಡನ್ನಿನಲ್ಲಿ 1950ರ ದಶಕದಿಂದ ಶುರುವಾದ ಅಧ್ಯಯನಗಳಲ್ಲಿ ಕಂಡದ್ದು. "ಸೋಮಾರಿ, ಬಿದ್ದುಕೊಂಡೇ ಇರ್ತಾನೆ" ಎಂದು ತಂದೆ ಬೈಯುತ್ತಿದ್ದರೆ, ಅದು ಸೋಮಾರಿತನವಲ್ಲ, ಕಾಯಿಲೆಯದ್ದೇ ಲಕ್ಷಣ ಎಂದು ಅವರಿಗೆ ತಿಳಿಹೇಳುವುದೇ ಇಲ್ಲಿ ಚಿಕಿತ್ಸೆ. ಮೂರು ತಿಂಗಳಿಂದ ಒಂದು ವರ್ಷದೊಳಗೆ ಕನಿಷ್ಠ ಹತ್ತು ಸಲ ಮನೆಯವರೊಂದಿಗೆ ಕೂರಬೇಕು. ಮಾತ್ರೆ ಯಾರು ಕೊಡುತ್ತಾರೆ, ನಿದ್ದೆಗೆಟ್ಟರೆ ಯಾರಿಗೆ ಫೋನ್, ಒಂದೇ ಸಲಕ್ಕೆ ಒಂದೇ ಕೆಲಸ ಹೇಳುವುದು ಹೇಗೆ, ಇವೆಲ್ಲ ಅಲ್ಲಿ ಅಭ್ಯಾಸವಾಗಬೇಕು. ಅಮ್ಮ ಮಾತ್ರ ಬರುತ್ತಾರೆ, ಅಪ್ಪ ಹೊರಗೆ ಬೈಕಿನ ಹತ್ತಿರ ನಿಂತಿರುತ್ತಾರೆ. ಒಳಗೆ ಕರೆಯಬೇಕಾದ್ದು ಅವರನ್ನು.

ಎಲ್ಲಿಗೆ ಹೋಗುವುದು

ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅಂದರೆ ಈ ವ್ಯವಸ್ಥೆ ನಮ್ಮ ಸೀಮೆಯಲ್ಲೇ ಹುಟ್ಟಿದ್ದು. ಇವತ್ತು ಎರಡೂ ಜಿಲ್ಲೆಗಳಲ್ಲಿ ಅದರ ತಂಡಕ್ಕೆ ಮನೋವೈದ್ಯರು, ಮನೋವಿಜ್ಞಾನಿ, ಸಮಾಜ ಕಾರ್ಯಕರ್ತರು, ನರ್ಸ್ ಹುದ್ದೆಗಳಿವೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆಗೆ ಹೋಗಿ ಕೇಳಬೇಕು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ಜಗಳೂರು, ಹೊಳಲ್ಕೆರೆ, ಮೊಳಕಾಲ್ಮೂರಿನವರು ಹಿಂದಿನ ದಿನ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಹೋಗುವುದು ಮೇಲು. ಸರ್ಕಾರಿ ಸೇವೆಯಲ್ಲಿ ರೋಗ ಪತ್ತೆ, ಮಾತ್ರೆ ಚೆನ್ನಾಗಿ ಸಿಗುತ್ತವೆ. ಆದರೆ ಸರತಿ ಸಾಲು ಉದ್ದ, 50 ನಿಮಿಷದ ಸಿಟ್ಟಿಂಗ್ ಕಷ್ಟ. "ಮನೋವಿಜ್ಞಾನಿ ಯಾವ ದಿನ ಇರ್ತಾರೆ, ಥೆರಪಿಗೆ ಬೇರೆ ಸಮಯ ಕೊಡ್ತಾರಾ" ಎಂದು ಬಾಯಿಬಿಟ್ಟು ಕೇಳಿ. ಕೇಳಿದವರಿಗೆ ಸಿಗುತ್ತದೆ. ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲೂ ಹೀಗೇ ವಿಚಾರಿಸಬಹುದು.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು, ಬೇಕಿದ್ದರೆ ತಜ್ಞರು. ರಾತ್ರಿ ಎರಡು ಗಂಟೆಗೆ ಇದಕ್ಕಿಂತ ಒಳ್ಳೆಯ ಸೇವೆ ನಮ್ಮಲ್ಲಿಲ್ಲ. ವಾರ ವಾರ ಒಬ್ಬರೇ ಥೆರಪಿಸ್ಟರ ಜೊತೆ ನಡೆಯುವ ಚಿಕಿತ್ಸೆಗೆ ಮಾತ್ರ ಅದು ಬದಲಿಯಾಗಲಾರದು. ಮನೆಯಲ್ಲಿ ಯಾರಿಗಾದರೂ ಸಾಯುವ ಯೋಚನೆ ಇದ್ದರೆ ಆ ನಂಬರಿನ ಜೊತೆಗೇ ಇನ್ನೊಂದು ಕೆಲಸ: ತೋಟದ, ಹೊಲದ ಔಷಧಿ ಡಬ್ಬಿಗಳನ್ನು ಅವತ್ತೇ ಮನೆಯಿಂದ ತೆಗೆದು ಬೇರೆಯವರ ಬೀಗದಲ್ಲಿಡುವುದು. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಖಾಸಗಿಯಾಗಿ ಹೋಗುವವರು ಅರ್ಹತೆ ಕೇಳುವುದಕ್ಕೆ ಸಂಕೋಚಪಡಬಾರದು. ಮನೋವೈದ್ಯರು ಎಂಬಿಬಿಎಸ್ ಮೇಲೆ ಎಂಡಿ ಅಥವಾ ಡಿಪಿಎಂ ಮಾಡಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಪರಿಷತ್ತಿನ ಜಾಲತಾಣದಲ್ಲಿ ಹುಡುಕಬಹುದು. ಕೌನ್ಸೆಲರ್ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಂಡಿರುತ್ತಾರೆ, ಅದಕ್ಕೇ "ಎಲ್ಲಿ ಕಲಿತಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೀರಿ" ಎಂದು ಕೇಳಿ. ಒಂದು ಸಿಟ್ಟಿಂಗಿನ ಫೀಸು ಕೇಳಿದರೆ ಸಾಲದು, ಅಂದಾಜು ಎಷ್ಟು ಸಿಟ್ಟಿಂಗ್ ಎಂದೂ ಕೇಳಿ ಗುಣಿಸಿ ನೋಡಿ. ವಿಮೆ ಇದ್ದವರು ಹೊರರೋಗಿ ಸೇವೆಗೆ ರಕ್ಷಣೆ ಇದೆಯೇ ಎಂದು ಪಾಲಿಸಿ ಓದಬೇಕು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕೆಂದು ಕಾಯ್ದೆ ಹೇಳಿದರೂ ಬಹಳ ಪಾಲಿಸಿಗಳು ಆಸ್ಪತ್ರೆ ಸೇರಿದ ಖರ್ಚಿಗಷ್ಟೇ ಹಣ ಕೊಡುತ್ತವೆ.

ಹಳ್ಳಿಯಿಂದ ಬರುವವರಿಗೆ ಒಂದು ಸಿಟ್ಟಿಂಗ್ ಎಂದರೆ ಒಂದು ದಿನದ ಕೂಲಿ. ಇದನ್ನು ಮೊದಲ ದಿನವೇ ಹೇಳಿಬಿಡಿ. ಮೊದಲ ನಾಲ್ಕು ವಾರ ತಪ್ಪಿಸದೆ ಬಂದು, ಆಮೇಲೆ ಹದಿನೈದು ದಿನಕ್ಕೊಮ್ಮೆ, ನಡುವಿನ ವಾರ ಹತ್ತು ನಿಮಿಷದ ಫೋನಿನಲ್ಲಿ ಮನೆಕೆಲಸದ ವಿಚಾರಣೆ, ಹೀಗೆ ಹೊಂದಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಬಂದು ಹೋಗುವುದನ್ನು ಮಾತ್ರ ಶುರುವಿನಲ್ಲಿ ಒಪ್ಪಬೇಡಿ, ಕಲಿತದ್ದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಆರು ಸಿಟ್ಟಿಂಗ್ ಆದರೂ ಪಿಎಚ್‌ಕ್ಯು-9 ಅಂಕಿ ಅಲ್ಲಾಡದಿದ್ದರೆ ಸುಮ್ಮನೆ ಬರುವುದು ನಿಲ್ಲಿಸಬೇಡಿ. ಹಾಳೆ ಮುಂದಿಟ್ಟು ಕೇಳಿ: ಕಾಯಿಲೆ ಗುರುತಿಸಿದ್ದು ಸರಿಯಾ, ಮಾತ್ರೆ ಸೇರಿಸಬೇಕಾ, ಪದ್ಧತಿ ಬದಲಿಸಬೇಕಾ. ಒಳ್ಳೆಯ ಥೆರಪಿಸ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಕೊನೆಯ ಎರಡು ಸಿಟ್ಟಿಂಗ್ ಒಂದು ಹಾಳೆ ಬರೆಯುವುದಕ್ಕೇ ಮೀಸಲು. ಕಾಯಿಲೆ ತಿರುಗಿ ಬರುವಾಗ ನನಗೆ ಮೊದಲು ಕಾಣುವ ಮೂರು ಲಕ್ಷಣ, ಹೋದ ಸಲ ಕೆಲಸ ಮಾಡಿದ ಮೂರು ಅಭ್ಯಾಸ, ಮನೆಯಲ್ಲಿ ಯಾರಿಗೆ ಹೇಳಬೇಕು, ಯಾವ ಡಾಕ್ಟರಿಗೆ ಫೋನ್ ಮಾಡಬೇಕು. ಮತ್ತೆ ಬಂದು ತೋರಿಸಬೇಕಾದ ತಾರೀಕುಗಳೂ ಅದರಲ್ಲೇ ಇರಲಿ: ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಆ ಹಾಳೆಯ ಒಂದು ಪ್ರತಿ ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇಡಿ, ಇನ್ನೊಂದನ್ನು ಹೇಳಬೇಕಾದವರ ಕೈಗೆ ಕೊಡಿ.